ಕಾಚಂಪುಳಿ ಬಾಟ್ಲಿಯ ಲೇಬಲ್ಲಿಗೆ ಸರಿಯಾದ ನೀಲಿ ಬರ್ಸಿದ್ದು

ಜೂನ್ ಕೊನೇಲಿ ಚಿಕ್ಕಮ್ಮ ಫೋನ್ ಮಾಡಿ "ಮಗಾ, ಈ ಸಲ ಕಾಚಂಪುಳಿ ಬಾಟ್ಲಿಗೆ ಒಂದು ಲಕ್ಷಣವಾದ ಲೇಬಲ್ ಮಾಡ್ಕೊಡು, ಸ್ಕೆಚ್ ಪೆನ್ನಲ್ಲಿ ಬರ್ದು ಅಂಟ್ಸಿ ಅಂಟ್ಸಿ ಸಾಕಾಯ್ತು" ಅಂದ್ರು. ಕೊಡಗಿನ ಅಮ್ಮತ್ತಿ ಹತ್ರ ಅವ್ರ ಮನೆ, ತೋಟದ ಅಂಚಲ್ಲಿ ಪಣಪುಳಿ ಮರ ಇದೆ, ಮಳೆ ಜೋರಾದಾಗ ಹಣ್ಣು ಉದುರುತ್ತೆ, ಅದನ್ನ ಆರಿಸಿ ತಂದು ಬುಟ್ಟೀಲಿ ಹಾಕಿ ಕೆಳಗೆ ಪಾತ್ರೆ ಇಟ್ರೆ ದಿನಗಟ್ಲೆ ರಸ ತೊಟ್ಟಿಕ್ತಾ ಇರುತ್ತೆ, ಆ ರಸಾನ ಕಪ್ಪಗೆ ಗಟ್ಟಿ ಆಗೋ ತನಕ ಕುದಿಸಿದ್ರೆ ಕಾಚಂಪುಳಿ. ಪಂದಿಕರಿಗೆ, ಅಂದ್ರೆ ಹಂದಿ ಮಾಂಸದ ಸಾರಿಗೆ, ಅದಿಲ್ದೆ ಆಗಲ್ಲ ಅಂತ ಇಲ್ಲಿ ಎಲ್ರಿಗೂ ಗೊತ್ತು. ಬಾಟ್ಲಿ ತುಂಬ್ಸೋ ಹೊತ್ತಿಗೆ ಲೇಬಲ್ ಕೈಗೆ ಸಿಗ್ಬೇಕು, 200 ಸಾಕು, ಬಣ್ಣ ಮಾತ್ರ ಅವ್ರು ಹೇಳಿದ್ದೇ ಆಗ್ಬೇಕು. ಯಾವ ಬಣ್ಣ ಅಂದ್ರೆ ಅಜ್ಜಿ ಕಾಲದ ಎನಾಮಲ್ ಬಟ್ಟಲು ಒಂದಿದೆ, ಒಳಗೆ ಬಿಳಿ ಹೊರಗೆಲ್ಲ ನೀಲಿ, ಕಾಚಂಪುಳಿ ಅಳತೆ ಹಾಕ್ತಿದ್ದಿದ್ದು ಅದ್ರಲ್ಲೇ. "ಆ ನೀಲಿ ಬೇಕು, ಬೇರೆ ನೀಲಿ ಬೇಡ."

ಕೇಳಿದಾಗ ಎರಡು ದಿನದ ಕೆಲಸ ಅನ್ಕೊಂಡೆ, ಆಗಿದ್ದು ಆರು ವಾರ. ಏನೇನ್ ಮಾಡ್ದೆ, ಎಲ್ಲೆಲ್ಲಿ ಕೆಡ್ತು ಎಲ್ಲಾ ಬರ್ದಿಟ್ಟಿದ್ದೀನಿ, ನೀಲಿ ಪ್ರಿಂಟ್ ಮಾಡೋಕೆ ಹೋಗಿ ನೇರಳೆ ಬಂತು ಅಂತ ತಲೆ ಕೆಡಿಸ್ಕೊಂಡಿರೋರಿಗೆ ಉಪಯೋಗ ಆಗ್ಲಿ ಅಂತ.

ಮೊದಲನೇ ಸಲ ನಾನು ಮಾಡಿದ್ದು ಎಲ್ರೂ ಮಾಡೋದೇ. ಬಟ್ಟಲಿನ ಫೋಟೋ ಫೋನಲ್ಲಿ ತೆಗ್ದೆ, ಲ್ಯಾಪ್‌ಟಾಪಲ್ಲಿ ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರ್ ತೆಗ್ದು ಫೋಟೋದಿಂದ ಬಣ್ಣ ಆರಿಸ್ಕೊಂಡೆ, ಸ್ವಲ್ಪ ಸಪ್ಪೆ ಅನ್ನಿಸ್ತು ಅಂತ ಸ್ಕ್ರೀನ್ ಮೇಲೆ ಕಣ್ಣಿಗೆ ಚೆನ್ನಾಗಿ ಕಾಣೋ ತನಕ ಏರಿಸ್ದೆ. ಆರ್‌ಜಿಬಿಯಲ್ಲಿ 25, 40, 200 ಅಂತ ಬಂದು ನಿಂತ್ಕೊಳ್ತು, ಅಂದ್ರೆ ಕೆಂಪು, ಹಸಿರು, ನೀಲಿ ಬೆಳಕು ಒಂದೊಂದೂ 0ಯಿಂದ 255ರೊಳಗೆ ಎಷ್ಟು ಅಂತ. ಮನೇಲಿರೋ 4 ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರಲ್ಲಿ ಸ್ಟಿಕರ್ ಪೇಪರಿಗೆ ಹೊಡೆದ್ರೆ ನೇರಳೆ ಹಣ್ಣಿನ ಬಣ್ಣ. ನೀಲಿ ಅಂತ ಹೇಳೋಕೇ ಆಗ್ತಿರ್ಲಿಲ್ಲ. ಇನ್ನೊಂದು ಹಾಳೆ ಹಾಕ್ದೆ, ಕ್ವಾಲಿಟಿ ಹೈ ಮಾಡ್ದೆ, ನೇರಳೆ ಇನ್ನೂ ಗಾಢ ಆಯ್ತು ಅಷ್ಟೇ.

ಇದ್ಯಾಕೆ ಹಿಂಗೆ ಅಂತ ಮೊದಲು ತಿಳ್ಕೊಳ್ದೆ ಮುಂದಕ್ಕೆ ಹೋಗ್ಬಾರ್ದು ಅನ್ನಿಸ್ತು. ಸ್ಕ್ರೀನಲ್ಲಿ ನೀಲಿ ಅಂದ್ರೆ ನೀಲಿ ಬೆಳಕು ತಾನೇ ಉರಿದು ಕಣ್ಣಿಗೆ ಬರೋದು. ಕಾಗದದ ಮೇಲೆ ನೀಲಿ ಇಂಕ್ ಅನ್ನೋದೇ ಇಲ್ಲ, ಇರೋದು ಸಯಾನ್, ಮಜೆಂಟಾ, ಹಳದಿ, ಕಪ್ಪು. ಸಯಾನ್ ಕೆಂಪು ಬೆಳಕನ್ನ ನುಂಗುತ್ತೆ, ಮಜೆಂಟಾ ಹಸಿರು ಬೆಳಕನ್ನ ನುಂಗುತ್ತೆ, ಎರಡನ್ನೂ ಒಂದ್ರ ಮೇಲೊಂದು ಹಾಕಿದ್ರೆ ಉಳಿಯೋದು ನೀಲಿ. ಲೆಕ್ಕ ಚೆನ್ನಾಗೇ ಇದೆ, ಆದ್ರೆ ನಿಜವಾದ ಇಂಕು ಅಷ್ಟು ಚೊಕ್ಕ ಅಲ್ಲ, ಸಯಾನ್ ಸ್ವಲ್ಪ ಹಸಿರನ್ನೂ ತಿನ್ನುತ್ತೆ, ಮಜೆಂಟಾ ಸ್ವಲ್ಪ ನೀಲೀನೂ ತಿನ್ನುತ್ತೆ, ಹಾಗಾಗಿ ಎರಡನ್ನೂ ಸಮ ಸಮ ಹಾಕಿದ್ರೆ ಕತ್ತಲೆ ನೇರಳೆ ಆಗುತ್ತೆ. ಪ್ರೆಸ್‌ನವ್ರು ಹಿಂದಿನಿಂದ್ಲೂ ಹೇಳೋ ಮಾತೊಂದಿದೆ, ನೀಲಿ ಬೇಕು ಅಂದ್ರೆ ಸಯಾನ್‌ಗಿಂತ ಮಜೆಂಟಾ ಕಡಿಮೆ ಅಂದ್ರೂ ಶೇಕಡ 30 ಹಿಂದೆ ಇರ್ಲಿ ಅಂತ. ಸ್ಕ್ರೀನಿನ ಶುದ್ಧ ನೀಲಿ 0, 0, 255 ಇದೆಯಲ್ಲ, ಅದನ್ನ ಫೋಟೋಶಾಪ್‌ನ ಹಳೇ ಡೀಫಾಲ್ಟ್ ಸ್ವಾಪ್ ಪ್ರೊಫೈಲಿಗೆ (ಪ್ರೊಫೈಲ್ ಅಂದ್ರೆ ಒಂದು ಮಷಿನ್ ಯಾವ ನಂಬರಿಗೆ ಯಾವ ಬಣ್ಣ ಕೊಡುತ್ತೆ ಅನ್ನೋ ಫೈಲ್, ಸ್ವಾಪ್ ಅನ್ನೋದು ಪ್ರೆಸ್ಸಿಂದು) ಕನ್ವರ್ಟ್ ಮಾಡಿದ್ರೆ ಸಯಾನ್ 88 ಮಜೆಂಟಾ 77 ಬರುತ್ತೆ. ಅಂತರ ಬರೀ 11. ನೇರಳೆ ಆಗ್ದೆ ಇನ್ನೇನಾಗುತ್ತೆ.

ಅಂದ್ರೆ ನನ್ನ ನೀಲಿ ಪ್ರಿಂಟರಿಗೆ ಹೋಗೋಕೆ ಮುಂಚೆನೇ, ಸ್ಕ್ರೀನಲ್ಲಿ ನಾನು ಅದನ್ನ ಏರಿಸಿದಾಗ್ಲೇ ಕೆಟ್ಟಿತ್ತು. ಹಾಗಂತ ಪ್ರಿಂಟರ್ ಸರಿ ಇತ್ತಾ ಅಂತ ನೋಡಿದ್ರೆ ಅದೂ ಸರಿ ಇರ್ಲಿಲ್ಲ. ನಾಜಲ್ ಚೆಕ್, ಅಂದ್ರೆ ಇಂಕಿನ ತೂತು ಕಟ್ಟಿದ್ಯಾ ಅಂತ ತೋರ್ಸೋ ಗೆರೆಗಳ ಹಾಳೆ, ತೆಗ್ದೆ, ಸಯಾನ್ ಗೆರೆಗಳಲ್ಲಿ ನಾಲ್ಕೈದು ಕಡೆ ಖಾಲಿ. ಸಯಾನ್ ಕಮ್ಮಿ ಬಿದ್ರೆ ಮಜೆಂಟಾ ಕೈ ಮೇಲಾಗುತ್ತೆ, ನೇರಳೆಗೆ ಅದೂ ಒಂದು ಕಾರಣ. ಹೆಡ್ ಕ್ಲೀನಿಂಗ್ ಎರಡು ಸಲ ಕೊಟ್ಟು ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ಒಂದು ಸಲ ಕೊಟ್ಟ ಮೇಲೆ ಗೆರೆ ಪೂರ್ತಿ ಬಂತು. ಒಂದರ ಮೇಲೊಂದು ಐದಾರು ಸಲ ಕ್ಲೀನಿಂಗ್ ಕೊಡೋದು ಬೇಡ, ಇಂಕು ಸುಮ್ನೆ ವೇಸ್ಟ್ ಪ್ಯಾಡಿಗೆ ಹೋಗುತ್ತೆ, ಮಧ್ಯೆ ಕೆಲವು ಗಂಟೆ ಬಿಟ್ರೆ ಗಟ್ಟಿಯಾಗಿರೋ ಇಂಕು ತಾನೇ ಸಡಿಲ ಆಗುತ್ತೆ. ಈಗಂತೂ ಯಾವ ಬಣ್ಣದ ಟೆಸ್ಟ್ ಮಾಡೋ ದಿನಾನೂ ಮೊದಲು ನಾಜಲ್ ಚೆಕ್, ಆಮೇಲೆ ಉಳಿದಿದ್ದು.

ಆಮೇಲೆ ಸ್ಕ್ರೀನ್. ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟಿದ್ದೆ, ಮಳೆ ದಿನ ಒಳಗೆ ಕತ್ತಲೆ ಇರುತ್ತಲ್ಲ, ಕತ್ತಲೆ ಕೋಣೇಲಿ ಅಷ್ಟು ಉರಿಯೋ ಸ್ಕ್ರೀನ್ ಮುಂದೆ ಯಾವ ಕಾಗದ ಹಿಡಿದ್ರೂ ಮಂಕಾಗೇ ಕಾಣುತ್ತೆ. ಅದ್ರ ಜೊತೆಗೆ ಸಂಜೆ ಆದ್ರೆ ನೈಟ್ ಲೈಟ್ ತಾನಾಗೇ ಆನ್ ಆಗ್ತಿತ್ತು, ಸ್ಕ್ರೀನ್ ಹಳದಿಗೆ ತಿರುಗೋದು ನಂಗೆ ಗೊತ್ತೇ ಆಗ್ತಿರ್ಲಿಲ್ಲ, ಹಳದಿ ಸ್ಕ್ರೀನಲ್ಲಿ ನೀಲಿ ಸಪ್ಪೆ ಕಂಡು ನಾನು ಇನ್ನಷ್ಟು ಏರಿಸ್ತಿದ್ದೆ. ನೈಟ್ ಲೈಟ್ ಆಫ್ ಮಾಡ್ದೆ. ಮಡಿಕೇರೀಲಿ ಫೋಟೋ ಸ್ಟುಡಿಯೋ ಇಟ್ಟಿರೋ ಸ್ನೇಹಿತರೊಬ್ರ ಹತ್ರ ಹಳೇ ಕಲರ್‌ಮಂಕಿ ಇತ್ತು, ಬಣ್ಣ ಅಳೆಯೋ ಮೀಟರ್, ಸ್ಕ್ರೀನನ್ನೂ ಅಳೆಯುತ್ತೆ ಕಾಗದಾನೂ ಅಳೆಯುತ್ತೆ. ಹದಿನೈದು ದಿನಕ್ಕೆ ಕೊಟ್ರು, ನಿಜಕ್ಕೂ ಅದಿಲ್ದಿದ್ರೆ ಈ ಕೆಲಸ ಇನ್ನೂ ಮುಗೀತಿರ್ಲಿಲ್ಲ. ಸ್ಕ್ರೀನನ್ನ 6500 ಕೆಲ್ವಿನ್, ಗಾಮಾ 2.2, ಬ್ರೈಟ್‌ನೆಸ್ 100 ಕ್ಯಾಂಡೆಲಾ ಸುತ್ತಮುತ್ತ ತಂದು ಪ್ರೊಫೈಲ್ ಮಾಡ್ದೆ. ಮೊದಲನೇ ದಿನ ಕಣ್ಣಿಗೆ ಮಂದ ಅನ್ನಿಸ್ತು, ಎರಡು ದಿನಕ್ಕೆ ಅಭ್ಯಾಸ ಆಯ್ತು.

ಈಗ ಬಟ್ಟಲು. ಫೋಟೋ ನಂಬೋದು ಬಿಟ್ಟು ಬಟ್ಟಲನ್ನೇ ಅಳೆಯೋಣ ಅಂತ ಮಗುಚಿ ಇಟ್ಟು ತಳದಲ್ಲಿ ಸಮತಟ್ಟಾಗಿರೋ ಜಾಗಕ್ಕೆ ಮೀಟರ್ ಒತ್ತಿ ಹತ್ತು ಸಲ ರೀಡಿಂಗ್ ತಗೊಂಡೆ. ಎನಾಮಲ್ ಅಲ್ಲಲ್ಲಿ ಚಕ್ಕೆ ಎದ್ದಿತ್ತು, ಅಂಥ ಜಾಗ ಬಿಟ್ಟೆ. ಸರಾಸರಿ ಬಂದಿದ್ದು ಲ್ಯಾಬ್ ಅನ್ನೋ ಬಣ್ಣದ ಲೆಕ್ಕದಲ್ಲಿ ಎಲ್ 30, ಎ 10, ಬಿ ಮೈನಸ್ 50. ಎಲ್ ಅಂದ್ರೆ ಎಷ್ಟು ತಿಳಿ ಎಷ್ಟು ಗಾಢ ಅನ್ನೋದು, ಎ ಪ್ಲಸ್ ಆದಷ್ಟೂ ಕೆಂಪಿನ ಕಡೆ, ಬಿ ಮೈನಸ್ ಆದಷ್ಟೂ ನೀಲಿ ಕಡೆ. ಇದನ್ನ ಎಸ್‌ಆರ್‌ಜಿಬಿಗೆ (ಸ್ಕ್ರೀನಿನ ಮಾಮೂಲಿ ಆರ್‌ಜಿಬಿ) ತಿರುಗಿಸಿದ್ರೆ 22, 69, 150 ಹತ್ರ ಬರುತ್ತೆ. ನಾನು ಕಣ್ಣಳತೇಲಿ ಆರಿಸಿದ್ದ 25, 40, 200 ಪಕ್ಕ ಇಟ್ಟು ನೋಡಿ, ಎಷ್ಟು ದೂರ ಹೋಗ್ಬಿಟ್ಟಿದ್ದೆ. ಬಟ್ಟಲಿನ ನೀಲೀಲಿ ಹಸಿರಿನ ಅಂಶ ನಾನು ಅನ್ಕೊಂಡಿದ್ದಕ್ಕಿಂತ ಜಾಸ್ತಿ, ಹೊಳಪು ಕಮ್ಮಿ. ಚಿಕ್ಕಮ್ಮ ಕೇಳಿದ್ದು ಇಂಕಿಗೆ ಆಗೋ ಹೋಗೋ ಬಣ್ಣಾನೇ, ಆಗ್ದಿರೋ ಬಣ್ಣ ಕಲ್ಪಿಸ್ಕೊಂಡಿದ್ದು ನಾನು.

ಗುರಿ ಗೊತ್ತಾಯ್ತು, ಇನ್ನು ಪ್ರಿಂಟರಿಗೆ ಪ್ರೊಫೈಲ್ ಮಾಡ್ಬೇಕು. ಆರ್ಗಿಲ್ ಸಿಎಂಎಸ್ ಅಂತ ಗ್ರೇಮ್ ಗಿಲ್ ಬರೆದಿರೋ ಉಚಿತ ಸಾಫ್ಟ್‌ವೇರ್ ಇದೆ, ಅದ್ರಲ್ಲಿ ಟಾರ್ಜೆನ್ ಬಣ್ಣದ ಪಟ್ಟಿ ಮಾಡುತ್ತೆ, ಪ್ರಿಂಟ್‌ಟಾರ್ಗ್ ಅದನ್ನ ಚೌಕಗಳ ಹಾಳೆ ಮಾಡುತ್ತೆ, ಹೊಡ್ಕೊಂಡು ಒಣಗಿಸಿ ಚಾರ್ಟ್‌ರೀಡಲ್ಲಿ ಅಳೆದು ಕಾಲ್‌ಪ್ರಾಫಿಗೆ ಕೊಟ್ರೆ ಪ್ರೊಫೈಲ್ ಫೈಲ್ ಸಿಗುತ್ತೆ. ಒಂದು ಎ4 ಹಾಳೆಗೆ 210 ಚೌಕ, ನಾನು ಎರಡು ಹಾಳೆ ಹಾಕ್ದೆ. ಮೊದಲನೇ ಸಲ ಮಾಡಿದ ಪ್ರೊಫೈಲ್ ಉಪಯೋಗಕ್ಕೆ ಬರ್ಲಿಲ್ಲ, ಯಾಕಂದ್ರೆ ಚೌಕದ ಹಾಳೆ ಹೊಡೆಯುವಾಗ ಪ್ರಿಂಟರ್ ಡ್ರೈವರ್ ಒಳಗಿನ ಕಲರ್ ಅಡ್ಜಸ್ಟ್‌ಮೆಂಟ್ ಆನ್ ಇತ್ತು. ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ: ಚಾರ್ಟ್ ಹೊಡೆಯುವಾಗ ಡ್ರೈವರಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಪೂರ್ತಿ ಆಫ್ ಇರ್ಬೇಕು, ಆಮೇಲೆ ಪ್ರೊಫೈಲ್ ಹಾಕಿ ಪ್ರಿಂಟ್ ಕೊಡುವಾಗ್ಲೂ ಆಫೇ ಇರ್ಬೇಕು, ಪೇಪರ್ ಟೈಪು ಕ್ವಾಲಿಟಿ ಎರಡು ಸಲಾನೂ ಒಂದೇ ಇರ್ಬೇಕು. ಸಾಫ್ಟ್‌ವೇರ್ ಒಂದು ಸಲ ಬಣ್ಣ ತಿದ್ದಿ, ಡ್ರೈವರ್ ಅದ್ರ ಮೇಲೆ ಇನ್ನೊಂದು ಸಲ ತಿದ್ದಿದ್ರೆ ಏನ್ ಬರುತ್ತೆ ಅಂತ ಯಾರಿಗೂ ಹೇಳೋಕಾಗಲ್ಲ.

ಎರಡನೇ ಸಲದ್ದು ಕೆಟ್ಟಿದ್ದು ಮಳೆಯಿಂದ. ನಮ್ಮ ಕಡೆ ಜುಲೈ ತಿಂಗಳು ಅಂದ್ರೆ ಬಟ್ಟೆ ಒಣಗಲ್ಲ, ಉಪ್ಪು ನೀರಾಗುತ್ತೆ, ಚಪ್ಪಲಿ ಮೇಲೆ ಬೂಷ್ಟು ಬರುತ್ತೆ, ಕಾಗದ ಮಾತ್ರ ಸುಮ್ನಿರುತ್ತಾ? ಕಾಗದ ಅಳೆಯೋಕೆ ಸ್ಟ್ಯಾಂಡರ್ಡ್ ಅಂತ ಇಟ್ಟಿರೋದು 23 ಡಿಗ್ರಿ, ಶೇಕಡ 50 ತೇವ, ನಮ್ಮನೆ ತೇವದ ಮೀಟರ್ ತೋರಿಸ್ತಿದ್ದಿದ್ದು 91. ಸ್ಟಿಕರ್ ಹಾಳೆ ಅಂಚೆಲ್ಲ ಅಲೆ ಅಲೆಯಾಗಿ ಎದ್ದಿತ್ತು, ಇಂಕು ಒಳಗೆ ಹೀರ್ಕೊಂಡು ಹರಡ್ತಿತ್ತು, ಗಾಢ ಬಣ್ಣದ ಚೌಕಗಳು ರಾತ್ರಿ ಅಳೆದ್ರೆ ಒಂದು ನಂಬರ್ ಬೆಳಿಗ್ಗೆ ಅಳೆದ್ರೆ ಇನ್ನೊಂದು. ಇದಕ್ಕೆ ಮನೇಲಿ ಎಲ್ರೂ ಮಾಡೋ ಉಪಾಯಾನೇ ಮಾಡ್ದೆ. ಮಳೆಗಾಲದಲ್ಲಿ ಬಟ್ಟೆ ಬೀರುವಿನೊಳಗೆ ಬಲ್ಬು ಹಾಕಿಡ್ತೀವಲ್ಲ, ಅದೇ ಬೀರುವಿನ ಮೇಲಿನ ಖಾನೆ ಖಾಲಿ ಮಾಡ್ಸಿ, ಹಾಳೆಗಳನ್ನ ಪ್ರಿಂಟ್ ಮಾಡೋಕೆ ಒಂದು ದಿನ ಮುಂಚೆ ಬಿಡಿ ಬಿಡಿಯಾಗಿ ಅಲ್ಲಿಟ್ಟೆ, ಪ್ರಿಂಟ್ ಆದ ಮೇಲೆ ಮತ್ತೆ 24 ಗಂಟೆ ಅಲ್ಲೇ ಒಣಗಿಸಿ ಆಮೇಲೆ ಅಳೆದೆ. ಬಲ್ಬಿಗೆ ತೀರಾ ಹತ್ರ ಇಡ್ಬಾರ್ದು, ಸ್ಟಿಕರಿನ ಅಂಟು ಬೆಚ್ಚಗಾಗಿ ಹಿಂದಿನ ಕಾಗದ ಬಿಡುತ್ತೆ. ಒಲೆ ಮೇಲಿನ ಅಟ್ಟ ಇನ್ನೂ ಚೆನ್ನಾಗಿ ಒಣಗುತ್ತೆ, ಆದ್ರೆ ಹೊಗೆ ತಾಗಿ ಬಿಳಿ ಹಾಳೆ ಹಳದಿಗೆ ತಿರುಗಿದ್ರೆ ಅಳೆದಿದ್ದೆಲ್ಲ ಹಾಳು. ಉಳಿದ ಪ್ಯಾಕೆಟ್ಟನ್ನ ಸಿಲಿಕಾ ಜೆಲ್ ಪುಡಿ ಪೊಟ್ಟಣದ ಜೊತೆ ಜಿಪ್ ಕವರಿಗೆ ಹಾಕಿಟ್ಟೆ. ಇದ್ರ ಮಧ್ಯೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ, ಆ ಎರಡು ದಿನ ಬೀರುನೂ ತಣ್ಣಗೆ, ಹಾಗಾಗಿ ಚಾರ್ಟ್ ಇನ್ನೊಂದು ಸಲ ಹೊಡೀಬೇಕಾಯ್ತು.

ಮೂರನೇ ಪ್ರೊಫೈಲ್ ಸರಿ ಬಂತು. ಅದನ್ನ ಹಾಕಿ ಬಟ್ಟಲಿನ ಲ್ಯಾಬ್ ನಂಬರಿಗೆ ರಿಲೇಟಿವ್ ಕಲರಿಮೆಟ್ರಿಕ್ (ಪ್ರಿಂಟರಿಗೆ ಆಗೋ ಬಣ್ಣಾನ ಇದ್ದಂಗೇ ಬಿಡೋ ವಿಧಾನ) ಇಟ್ಟು ಹೊಡೆದ್ರೆ, ಅಳೆದಾಗ ಡೆಲ್ಟಾ ಇ, ಅಂದ್ರೆ ಎರಡು ಬಣ್ಣದ ನಡುವಿನ ಅಂತರ, 2.6. ಪಕ್ಕದಲ್ಲಿಟ್ಟು ನೋಡಿದ್ರೆ ಬಟ್ಟಲಿಗೂ ಕಾಗದಕ್ಕೂ ವ್ಯತ್ಯಾಸ ಹುಡುಕಿ ಹೇಳ್ಬೇಕಿತ್ತು. ಪರ್ಸೆಪ್ಚುವಲ್ ಇಟ್ಟು ಹೊಡೆದಿದ್ದು ಸ್ವಲ್ಪ ಮಂಕಾಯ್ತು, ಯಾಕಂದ್ರೆ ಅದು ಗಮಟ್ (ಪ್ರಿಂಟರಿಗೆ ಸಾಧ್ಯವಾದ ಬಣ್ಣಗಳ ವ್ಯಾಪ್ತಿ) ಹೊರಗಿನ ಬಣ್ಣಕ್ಕೆ ಜಾಗ ಮಾಡೋಕೆ ಒಳಗಿರೋದನ್ನೂ ಒತ್ತರಿಸುತ್ತೆ, ಫೋಟೋಗೆ ಅದು ಸರಿ, ಒಂದೇ ಒಂದು ಬಣ್ಣ ನಿಖರವಾಗಿ ಬೇಕಾದಾಗ ಬೇಡ.

ಕುತೂಹಲಕ್ಕೆ ನನ್ನ ಮೊದಲಿನ ಜೋರು ನೀಲೀನೂ ಇದೇ ಪ್ರೊಫೈಲಲ್ಲಿ ಹೊಡೆದು ನೋಡ್ದೆ, ಪ್ರೊಫೈಲ್ ಸರಿ ಇದ್ರೂ ನೇರಳೇನೇ. ಅದಕ್ಕೆ ಕಾರಣ ಓದ್ತಾ ಹೋದಾಗ ಗೊತ್ತಾಗಿದ್ದು, 1976ರಲ್ಲಿ ಬಂದ ಸಿಐಇ ಲ್ಯಾಬ್ ಲೆಕ್ಕಕ್ಕೆ ನೀಲಿ ಕಡೆ ಒಂದು ಓರೆ ಇದೆ. ಗಮಟ್ ಹೊರಗಿರೋ ಕಡು ನೀಲೀನ ಅದೇ ಹ್ಯೂ, ಅಂದ್ರೆ ಬಣ್ಣದ ಜಾತಿ, ಹಿಡ್ಕೊಂಡು ಒಳಗೆ ಎಳೆದ್ರೆ ಲೆಕ್ಕದ ಪ್ರಕಾರ ಅದು ನೀಲಿನೇ, ಕಣ್ಣಿಗೆ ಮಾತ್ರ ನೇರಳೆ. ಈ ಓರೆ ತಿದ್ದೋಕೆ ಅಂತ 2020ರಲ್ಲಿ ಬ್ಯೋರ್ನ್ ಒಟ್ಟೊಸ್ಸನ್ ಅನ್ನೋರು ಓಕೆಲ್ಯಾಬ್ ಅಂತ ಬೇರೆ ಲೆಕ್ಕ ಕೊಟ್ರು, ಅದ್ರಲ್ಲಿ ಸ್ಯಾಚುರೇಷನ್ ಇಳಿಸಿದ್ರೆ ನೀಲಿ ನೀಲಿಯಾಗೇ ಇಳಿಯುತ್ತೆ. ಈಗ ಗ್ರಾಹಕರು ಸ್ಕ್ರೀನ್ ನೋಡಿ ಒಂದು ಉರಿಯೋ ನೀಲಿ ಕೇಳಿದ್ರೆ ನಾನು ಕನ್ವರ್ಷನ್ ಕೈಗೆ ಬಿಡಲ್ಲ, ಓಕೆಎಲ್‌ಸಿಎಚ್ ಪಿಕ್ಕರಲ್ಲಿ (ಓಕೆಲ್ಯಾಬ್ ಲೆಕ್ಕದಲ್ಲೇ ಬಣ್ಣ ಆರಿಸೋದು) ಕ್ರೋಮಾ, ಅಂದ್ರೆ ಬಣ್ಣದ ತೀವ್ರತೆ, ನಾನೇ ಇಳಿಸ್ತೀನಿ, ಗಮಟ್ ಒಳಗೆ ಬಂದ ಮೇಲೆ ಅದನ್ನೇ ಅವ್ರಿಗೆ ತೋರಿಸ್ತೀನಿ. ಹೊಳಪೂ ಬೇಕು ಹ್ಯೂನೂ ಬೇಕು ಅಂದ್ರೆ ನಾಲ್ಕು ಇಂಕಲ್ಲಿ ಎರಡೂ ಸಿಗಲ್ಲ, ಒಂದನ್ನ ಬಿಡ್ಬೇಕು ಅಂದ್ರೆ ಹೊಳಪು ಬಿಡಿ. ಸ್ವಲ್ಪ ಸಪ್ಪೆ ಆದ ನೀಲೀನ ಜನ ನೀಲಿ ಅಂತಾನೇ ನೋಡ್ತಾರೆ, ನೇರಳೆ ಆಗಿದ್ದನ್ನ ಯಾರೂ ಒಪ್ಪಲ್ಲ.

ಮನೇಲೇ 200 ಲೇಬಲ್ ಹೊಡೆದು ಮುಗಿಸೋಣ ಅಂತ ಖುಷೀಲಿ ಒಂದನ್ನ ಬಾಟ್ಲಿಗೆ ಅಂಟ್ಸಿ ಅಡುಗೆಮನೇಲಿ ಇಟ್ಟೆ. ಬೆಳಿಗ್ಗೆ ಬಾಟ್ಲಿ ಮೇಲೆ ತೇವ ಕೂತು ನೀಲಿ ಇಳಿದು ಕೆಳಗಿನ ಬಿಳಿ ಜಾಗಕ್ಕೆ ಹರಿದಿತ್ತು. ಟ್ಯಾಂಕಲ್ಲಿರೋದು ಡೈ ಇಂಕು, ನೀರು ತಾಗಿದ್ರೆ ಕರಗುತ್ತೆ. ಪಿಗ್ಮೆಂಟ್ ಇಂಕಿನ ಪ್ರಿಂಟರ್ ಇದ್ದಿದ್ರೆ ಬೇರೆ ಮಾತು. ಒಂದೊಂದಕ್ಕೂ ಲ್ಯಾಮಿನೇಷನ್ ಮಾಡ್ಬೋದು, ಆದ್ರೆ ಅಂಚಿಂದ ನೀರು ಒಳಗೆ ಹೋಗೇ ಹೋಗುತ್ತೆ. ಹಾಗಾಗಿ ಪ್ರೆಸ್ಸಿಗೆ ಹೋಗೋದೇ ಸರಿ ಅಂತ ತೀರ್ಮಾನ ಮಾಡಿ ಮೈಸೂರಲ್ಲಿ ಟೋನರ್ ಡಿಜಿಟಲ್ ಮಷಿನ್ ಇರೋ ಒಂದು ಕಡೆ ಮಾತಾಡ್ದೆ. ಆಫ್‌ಸೆಟ್ ಆಗಿದ್ರೆ ಸ್ಪಾಟ್ ಕಲರ್, ಅಂದ್ರೆ ಮೊದಲೇ ಬೆರೆಸಿದ ಇಂಕು, ಹಾಕಿ ಒಂದೇ ಇಂಕಲ್ಲಿ ಈ ನೀಲಿ ತರ್ಬೋದಿತ್ತು, ಪ್ಯಾಂಟೋನ್ ಪಟ್ಟೀಲಿ ಹತ್ರದ ನೀಲಿಗಳಿವೆ, ಆದ್ರೆ 200 ಲೇಬಲ್ಲಿಗೆ ಪ್ಲೇಟ್ ಖರ್ಚು ಹಾಕೋಕಾಗಲ್ಲ.

ಅಲ್ಲಿ ಮೊದಲನೇ ಸ್ಯಾಂಪಲ್ ಮತ್ತೆ ನೇರಳೆ ಬಂತು! ತಪ್ಪು ಎಲ್ಲಾಯ್ತು ಅಂತ ಫೋನಲ್ಲಿ ಕೇಳ್ತಾ ಹೋದಾಗ ಗೊತ್ತಾಯ್ತು, ನಾನು ಅರ್ಜೆಂಟಲ್ಲಿ ವಾಟ್ಸಾಪಲ್ಲಿ ಫೋಟೋ ಥರ ಕಳ್ಸಿದ್ದ ಜೆಪೆಗ್ಗನ್ನೇ ಹೊಡೆದಿದ್ರು. ಫೋಟೋ ಥರ ಕಳ್ಸಿದ್ರೆ ಅದು ಕುಗ್ಗಿಸುತ್ತೆ, ಕಳ್ಸೋದೇ ಆದ್ರೆ ಡಾಕ್ಯುಮೆಂಟ್ ಅಂತ ಕಳ್ಸಿ. ಆಮೇಲೆ ಆ ಆರ್‌ಜಿಬಿ ಫೈಲನ್ನ ಅವ್ರ ಮಷಿನ್ನಿನ ಸಾಫ್ಟ್‌ವೇರ್ ತನ್ನ ಪಾಡಿಗೆ ಸಿಎಂವೈಕೆ, ಅಂದ್ರೆ ನಾಲ್ಕು ಇಂಕಿನ ನಂಬರ್, ಮಾಡ್ಕೊಂಡಿತ್ತು. ಇಂಕ್‌ಸ್ಕೇಪ್‌ನಲ್ಲಿ ಮಾಡಿದ್ದು ಪಿಡಿಎಫ್ ಆದ್ರೂ ಆರ್‌ಜಿಬಿಯಲ್ಲೇ ಹೋಗ್ತಿತ್ತು, ಅದಕ್ಕೆ ಲೇಬಲ್ಲನ್ನ ಪುಟ ಜೋಡಿಸೋ ಸಾಫ್ಟ್‌ವೇರ್ ಆದ ಸ್ಕ್ರೈಬಸ್‌ಗೆ ತಗೊಂಡ್ಹೋಗಿ ಬಣ್ಣಕ್ಕೆ ಸಿಎಂವೈಕೆ ನಂಬರ್ ನಾನೇ ಹಾಕಿ ಪಿಡಿಎಫ್ ಮಾಡ್ದೆ. ಆಪರೇಟರ್ ಅಣ್ಣನಿಗೆ "ಅಣ್ಣಾ, ನಂಬರ್ ಹೆಂಗಿದೆಯೋ ಹಂಗೇ ಹೋಗ್ಲಿ, ಮತ್ತೆ ಕನ್ವರ್ಟ್ ಆಗೋದು ಬೇಡ" ಅಂದೆ. ಅವ್ರಿಗೆ ತಕ್ಷಣ ಅರ್ಥ ಆಯ್ತು, ಬಣ್ಣದ ಬಗ್ಗೆ ಯಾರಾದ್ರೂ ಇಷ್ಟು ಕೇಳ್ತಾರಲ್ಲ ಅಂತ ಅವ್ರಿಗೂ ಸಂತೋಷ, ಅಲ್ಲಿಂದ ಮುಂದೆ ಪ್ರತಿ ಟೆಸ್ಟಿಗೂ ಅವ್ರೇ ನಿಂತು ಮಾಡ್ಕೊಟ್ರು.

ಅವ್ರ ಮಷಿನ್ನಿಗೆ ಪೂರ್ತಿ ಪ್ರೊಫೈಲ್ ಮಾಡೋಷ್ಟು ಹಾಳೆ ಹೊಡೆಸೋದು ನನ್ನ ಬಜೆಟ್ಟಲ್ಲ, ಬೇಕಾಗಿರೋದೂ ಒಂದೇ ನೀಲಿ. ಹಾಗಾಗಿ ಒಂದು ಪಟ್ಟಿ ಮಾಡ್ದೆ: ಸಯಾನ್ ಎಲ್ಲದ್ರಲ್ಲೂ 100, ಮಜೆಂಟಾ 50ರಿಂದ 90ರವರೆಗೆ ಐದೈದು ಏರಿಸ್ತಾ 9 ಚೌಕ, ಕೆಳಗೆ ಅದೇ 9 ಚೌಕ ಕಪ್ಪು 5 ಹಾಕಿ, ಇನ್ನೊಂದು ಸಾಲು ಕಪ್ಪು 10 ಹಾಕಿ. ಒಟ್ಟು 27 ಚೌಕ, ಪ್ರತಿಯೊಂದ್ರ ಕೆಳಗೂ ನಂಬರ್. ಲೇಬಲ್ ಹೊಡೆಯೋ ಸ್ಟಿಕರ್ ಹಾಳೆ ಮೇಲೇ ಹೊಡೆಸಿ, ಅದ್ರ ಮೇಲೆ ಅದೇ ಮ್ಯಾಟ್ ಲ್ಯಾಮಿನೇಷನ್ ಹಾಕ್ಸಿ ಅಂದೆ, ಯಾಕಂದ್ರೆ ಮ್ಯಾಟ್ ಹಾಕಿದ್ರೆ ಗಾಢ ಬಣ್ಣ ತೆಳುವಾಗಿ ಕಾಣುತ್ತೆ, ಲ್ಯಾಮಿನೇಷನ್ ಇಲ್ದೆ ನೋಡಿ ಆರಿಸಿದ್ದು ಆಮೇಲೆ ಬೇರೆನೇ ಆಗುತ್ತೆ. ಹೊಳೆಯೋ ಗ್ಲಾಸಿ ಲ್ಯಾಮಿನೇಷನ್ನಿಂದೂ ಒಂದು ತುಂಡು ಕೇಳ್ದೆ. ಪಟ್ಟಿ ತಗೊಂಡು ಹುಣಸೂರು ಗೋಣಿಕೊಪ್ಪ ದಾರಿ ಬಸ್ಸಲ್ಲಿ ಬರ್ತಾ ಕಿಟಕಿ ಹತ್ರ ಹಿಡಿದು ನೋಡಿದ್ರೆ, ತಿತಿಮತಿ ಕಾಡಿನೊಳಗೆ ಬೆಳಕು ಹಸಿರಾದಾಗ ಒಂದು ಚೌಕ ಸರಿ ಅನ್ಸೋದು, ಬಯಲಿಗೆ ಬಂದ್ರೆ ಇನ್ನೊಂದು. ಮನೆಗೆ ಬಂದು ಜಗಲೀಲಿ, ಮೋಡದ ಬೆಳಕಲ್ಲಿ, ಬಟ್ಟಲಿನ ಪಕ್ಕ ಇಟ್ಟು ನೋಡಿ ಆಮೇಲೆ ಅಳೆದೆ. ಗ್ಲಾಸಿ ಲ್ಯಾಮಿನೇಷನ್ನೇ ಹತ್ರ, ಎನಾಮಲ್ಲೂ ಹೊಳೆಯೋದೇ ಅಲ್ವಾ. ಸಯಾನ್ 100, ಮಜೆಂಟಾ 75, ಕಪ್ಪು 5 ಇದ್ದ ಚೌಕ ಡೆಲ್ಟಾ ಇ 4.1 ತೋರಿಸ್ತು, ಅದೇ ಎಲ್ಲಕ್ಕಿಂತ ಕಮ್ಮಿ. 80ಕ್ಕೇ ಆ ಮಷಿನ್ನಲ್ಲಿ ನೇರಳೆ ಛಾಯೆ ಶುರು ಆಗ್ತಿತ್ತು, 85 ದಾಟಿದ್ದಂತೂ ಬೇಡವೇ ಬೇಡ.

ಚಿಕ್ಕಮ್ಮನ ಮನೆಗೆ ತಗೊಂಡು ಹೋಗೋ ಹೊತ್ತಿಗೆ ಸಂಜೆ ಏಳು ಗಂಟೆ. ಅಡುಗೆಮನೇಲಿ ಹಳೇ ಹಳದಿ ಬಲ್ಬು. ಬಟ್ಟಲಿನ ಪಕ್ಕ ಪಟ್ಟಿ ಇಟ್ಟು ನೋಡಿದವ್ರೇ "ಇಲ್ಲ ಮಗಾ, ಇದು ಬೇರೆ, ಬಟ್ಟಲು ನೇರಳೆ ಹೊಡೀತಿದೆ, ನಿಂದು ನವಿಲು ಥರ ಇದೆ" ಅಂದ್ರು. ನಾನೂ ನೋಡ್ದೆ, ಅವ್ರು ಹೇಳಿದ್ದು ನೂರಕ್ಕೆ ನೂರು ಸರಿ. ಇದು ಮೆಟಮೆರಿಸಂ. ಎನಾಮಲ್ಲಿನ ನೀಲಿ ಕೋಬಾಲ್ಟಿಂದ ಬರೋದು, ಕೋಬಾಲ್ಟ್ ನೀಲಿಗಳು ನೀಲಿ ಬೆಳಕಿನ ಜೊತೆ ಕಡು ಕೆಂಪಿನ ಕೊನೇ ಭಾಗಾನೂ ವಾಪಸ್ ಕಳ್ಸುತ್ತೆ. ಸಯಾನ್ ಟೋನರಿನ ಬಣ್ಣ ತಾಮ್ರದ ಥ್ಯಾಲೊಸಯನೀನ್, ಅದು ಆ ಕೆಂಪನ್ನ ನುಂಗ್ಬಿಡುತ್ತೆ. ಹಗಲು ಬೆಳಕಲ್ಲಿ ಎರಡೂ ಒಂದೇ ಥರ ಕಾಣ್ಬೋದು, ಕೆಂಪು ಜಾಸ್ತಿ ಇರೋ ಹಳದಿ ಬಲ್ಬಲ್ಲಿ ಬಟ್ಟಲು ಕೆಂಪಿನ ಕಡೆ ವಾಲುತ್ತೆ, ಕಾಗದ ವಾಲಲ್ಲ. ನಾಲ್ಕು ಇಂಕಲ್ಲಿ ಎಲ್ಲಾ ಬೆಳಕಿಗೂ ಹೊಂದಿಸೋದು ಸಾಧ್ಯವೇ ಇಲ್ಲ, ಯಾವ ಬೆಳಕಿಗೆ ಅಂತ ಒಂದನ್ನ ಆರಿಸ್ಕೋಬೇಕು. ಪ್ರೆಸ್ ಕೆಲಸಕ್ಕೆ 5000 ಕೆಲ್ವಿನ್ ಬೆಳಕು ಅಂತ ಒಂದು ಸ್ಟ್ಯಾಂಡರ್ಡ್ ಇಟ್ಟಿರೋದೂ ಇದಕ್ಕೇ. ಚಿಕ್ಕಮ್ಮನಿಗೆ ಇಷ್ಟೇ ಹೇಳ್ದೆ, "ಬೆಳಿಗ್ಗೆ ಜಗಲೀಲಿ ನೋಡಿ ಹೇಳಿ, ಅಂಗಡೀಲಿ ಜನ ನೋಡೋದೂ ಹಗಲಲ್ಲೇ ಅಲ್ವಾ" ಅಂತ. ಅವತ್ತು ಅಲ್ಲೇ ಉಳ್ಕೊಂಡೆ. ಬೆಳಿಗ್ಗೆ ಕಾಫಿ ಕುಡೀತಾ ನೋಡಿ "ಹೂಂ, ಇದೇ" ಅಂದ್ರು, ಆಮೇಲೆ ಸ್ವಲ್ಪ ಹೊತ್ತು ಬಟ್ಟಲು ಕೈಲಿ ಹಿಡ್ಕೊಂಡೇ ಕೂತಿದ್ರು.

ಬಣ್ಣ ಸಿಕ್ತು, ಲೇಬಲ್ ಬಾಟ್ಲಿ ಮೇಲೆ ಬಂದ್ರೆ ಮತ್ತೆ ಮಂಕು. ಕೈಲಿದ್ದಾಗ ಸರಿ ಇದ್ದಿದ್ದು ಅಂಟ್ಸಿದ ಕೂಡ್ಲೆ ಧೂಳು ಬಿದ್ದಂಗೆ ಆಗ್ತಿತ್ತು. ಇದು ಹೊಳೆಯೋಕೆ ನಂಗೆ ಒಂದು ದಿನ ಹಿಡೀತು, ಬಾಟ್ಲಿ ಗಾಜಿಂದು, ಒಳಗಿರೋ ಕಾಚಂಪುಳಿ ಕಪ್ಪು, ಸ್ಟಿಕರ್ ಕಾಗದ ತೆಳು. ಹಿಂದಿನ ಕಪ್ಪು ಕಾಗದದೊಳಗಿಂದ ಇಣುಕ್ತಿತ್ತು. ಬಿಳಿ ಹಾಳೆ ಮೇಲಿಟ್ಟು ಅಳೆದು, ಕಪ್ಪು ಹಾಳೆ ಮೇಲಿಟ್ಟು ಅಳೆದೆ: ನೀಲಿ ಚೌಕದ ಎಲ್ ಒಂದು ಅಂಕೀನೂ ಇಳಿದಿರ್ಲಿಲ್ಲ, ಖಾಲಿ ಬಿಳಿ ಜಾಗದ್ದು 93ರಿಂದ 87ಕ್ಕೆ ಬಂದಿತ್ತು. ಅಂದ್ರೆ ನೀಲಿ ಕೆಟ್ಟಿರ್ಲಿಲ್ಲ, ಸುತ್ತಲಿನ ಬಿಳಿ ಬೂದಿ ಆಗಿ ನೀಲಿಯ ಕಳೆ ಹೋಗಿತ್ತು. ಕಾಗದದ ಬದ್ಲು ಹಿಂದಿಂದು ಕಾಣದ ದಪ್ಪ ಬಿಳಿ ಪ್ಲಾಸ್ಟಿಕ್ ಸ್ಟಿಕರ್ ಹಾಳೆ, ಹರಿಯಲ್ಲ, ನೀರಿಗೂ ಆಗುತ್ತೆ, ಅದಕ್ಕೆ ಬದಲಾಯಿಸ್ದೆ. ಹಾಳೆ ಬದಲಾದ್ರೆ ಪಟ್ಟಿನೂ ಹೊಸದಾಗಿ ಹೊಡೀಬೇಕು, ಬಿಡೋ ಹಾಗಿಲ್ಲ. ಅದ್ರ ಮೇಲೆ ಮಜೆಂಟಾ 72 ಸರಿ ಹೋಯ್ತು, ಕಪ್ಪು 5 ಹಾಗೇ. ಸುತ್ತಲಿನ ಬಿಳೀನ ಪೂರ್ತಿ ಬಿಳಿ ಬಿಡ್ದೆ ಹಳದಿ 8 ಹಾಕಿ ಬೆಣ್ಣೆ ಬಣ್ಣ ಮಾಡ್ದೆ, ಹಳದಿ ಪಕ್ಕ ಇದ್ರೆ ಕಣ್ಣಿಗೆ ನೀಲಿ ಇನ್ನಷ್ಟು ನೀಲಿ ಕಾಣುತ್ತೆ. ಇಂಕಲ್ಲಿ ಸಿಗದ ಹೊಳಪು ಸ್ವಲ್ಪ ಇಲ್ಲಿ ಸಿಕ್ತು.

ಅಕ್ಷರದ ಬಗ್ಗೆ ಒಂದು ಮಾತು, ಕನ್ನಡದಲ್ಲಿ ಲೇಬಲ್ ಮಾಡೋರಿಗೆ ಇದು ಬೇಕೇ ಬೇಕು. ನೀಲಿ ಮೇಲೆ ಬಿಳಿ ಅಕ್ಷರ ಬಿಟ್ಟಿದ್ದೆ, ನೀಲಿ ಅಂದ್ರೆ ಸಯಾನ್ ಮಜೆಂಟಾ ಎರಡು ಪದರ, ಎರಡೂ ಕೂದಲೆಳೆಯಷ್ಟು ಆಚೀಚೆ ಆದ್ರೂ ಅಕ್ಷರದ ಅಂಚಲ್ಲಿ ಗುಲಾಬಿ ಗೆರೆ ಕಾಣುತ್ತೆ, ಒತ್ತಕ್ಷರದ ಒಳಗಿನ ಸಣ್ಣ ಸಂದಿಗಳು ತುಂಬ್ಕೊಳ್ತವೆ. 'ಅಮ್ಮತ್ತಿ' ಅಂತ 6 ಪಾಯಿಂಟಲ್ಲಿ ಇಟ್ಟಿದ್ದು ಓದೋಕೇ ಆಗ್ಲಿಲ್ಲ. 9 ಪಾಯಿಂಟ್ ದಪ್ಪಕ್ಷರ ಮಾಡ್ದೆ, ಅದಕ್ಕಿಂತ ಸಣ್ಣದು ಎಲ್ಲಾ ಬೆಣ್ಣೆ ಬಣ್ಣದ ಜಾಗಕ್ಕೆ ತಂದು ಬರೀ ಕಪ್ಪು 100ರಲ್ಲಿ ಹಾಕ್ದೆ. ಅಕ್ಷರಗಳನ್ನ ಕರ್ವ್ ಮಾಡಿ, ಅಂದ್ರೆ ಚಿತ್ರದ ಗೆರೆಗಳಾಗಿ ಬದಲಾಯಿಸಿ, ಕಳ್ಸಿದ್ದೆ, ಫಾಂಟ್ ಇಲ್ಲ ಅಂತ ಒತ್ತು ಒಂದು ಕಡೆ ದೀರ್ಘ ಒಂದು ಕಡೆ ಆಗೋ ತಾಪತ್ರಯ ಬರ್ಲಿಲ್ಲ.

ಆಗಸ್ಟ್ ಎರಡನೇ ವಾರ 200 ಲೇಬಲ್ ಬಂತು. ಬಂಡಲಿಂದ ಮೇಲಿಂದೊಂದು ಮಧ್ಯದ್ದೊಂದು ಕೆಳಗಿಂದೊಂದು ತೆಗೆದು ಅಳೆದೆ, ಮೂರೂ ಡೆಲ್ಟಾ ಇ 3ರಿಂದ 4ರ ಒಳಗೆ ಇದ್ವು. ಟೋನರ್ ಮಷಿನ್ ಬೆಳಿಗ್ಗೆ ಒಂದು ಥರ ಸಂಜೆ ಒಂದು ಥರ ಇರುತ್ತೆ ಅಂತ ಅಣ್ಣ ಮೊದಲೇ ಹೇಳಿದ್ರು, ಅದಕ್ಕೆ ಕೆಲಸಕ್ಕೆ ಮುಂಚೆ ಕ್ಯಾಲಿಬ್ರೇಷನ್ ಹೊಡೆದೇ ಶುರು ಮಾಡಿದ್ರಂತೆ. ಕಲರ್‌ಮಂಕಿ ವಾಪಸ್ ಕೊಡೋಕೆ ಹೇಳಿದ ದಿನ ದಾಟಿತ್ತು, ಜೊತೆಗೆ ಒಂದು ಬಾಟ್ಲಿ ಕಾಚಂಪುಳಿ ಕೊಟ್ಟೆ. ಒಪ್ಪಿದ ಲೇಬಲ್ ಎರಡನ್ನ ದಿನಾಂಕ, ಹಾಳೆ, ಲ್ಯಾಮಿನೇಷನ್, ನಂಬರ್ ಎಲ್ಲಾ ಬರೆದು ಕಪ್ಪು ಕವರಲ್ಲಿ ಹಾಕಿ ಒಂದನ್ನ ಪ್ರೆಸ್ಸಲ್ಲಿ ಬಿಟ್ಟು ಬಂದೆ, ಇನ್ನೊಂದು ಬೀರುವಿನ ಮೇಲಿನ ಖಾನೇಲಿ ಇದೆ, ಬರೋ ವರ್ಷ ಮತ್ತೆ ಹೊಡೆಸುವಾಗ ಅದನ್ನ ಪಕ್ಕ ಇಟ್ಕೊಂಡೇ ನೋಡೋದು. ಚಿಕ್ಕಮ್ಮ ಈಗ ಜೇನಿನ ಬಾಟ್ಲಿಗೂ ಅದೇ ನೀಲಿ ಬೇಕು ಅಂತಿದ್ದಾರೆ, ಜೇನು ಕಪ್ಪಲ್ಲ, ಬೆಳಕು ಹಿಂದಿಂದ ಹಳದಿಯಾಗಿ ಬರುತ್ತೆ, ಆ ಗಾಜಿನ ಮೇಲೆ ಈ ಹಾಳೆ ಹೆಂಗ್ ಕಾಣುತ್ತೆ ಅಂತ ನಾಳೆ ಒಂದು ಅಂಟ್ಸಿ ನೋಡ್ಬೇಕು.